ಸರ್ಕಾರಿ ಶಾಲೆ ರಿಪೇರಿ ದುಡ್ಡು ಯಾವ ಲೆಕ್ಕದಲ್ಲಿ ಹಂಚುತ್ತಾರೆ? ಸಣ್ಣ ಶಾಲೆಗೆ ನ್ಯಾಯ ಎಲ್ಲಿದೆ?

ರಾಗಿಹೊಲ (ನಾಗಮಂಗಲ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೇಷ್ಟ್ರುಗಳು, ಇಂಜಿನಿಯರ್‌ಗಳು, ಎಸ್‌ಡಿಎಂಸಿಯವರು (ಪೋಷಕರೇ ಇರುವ ಶಾಲಾಭಿವೃದ್ಧಿ ಸಮಿತಿ) ತುಂಬಾ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮದು ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದರವರೆಗೆ 28 ಮಕ್ಕಳು, ಇಬ್ಬರು ಟೀಚರ್, ಎರಡು ಕೋಣೆ. ಒಂದು ಹಳೇ ಹೆಂಚಿನ ಕೋಣೆ, ಇನ್ನೊಂದು ಆಮೇಲೆ ಕಟ್ಟಿದ ಆರ್‌ಸಿಸಿ, ಅಂದರೆ ಕಂಬಿ ಹಾಕಿದ ಕಾಂಕ್ರೀಟ್ ತಾರಸಿಯದು. ವಿಚಿತ್ರ ಅಂದರೆ ಹೊಸದೇ ಹಾಳಾಗಿದೆ. ಸೂರಿನ ಗಾರೆ ತಟ್ಟೆ ತಟ್ಟೆಯಾಗಿ ಉದುರುತ್ತಿದೆ, ಒಳಗಿನ ಕಂಬಿ ಕಾಣುತ್ತಿದೆ. ಮೇಡಂ ಅದಕ್ಕೆ ಬೀಗ ಹಾಕಿದ್ದಾರೆ. ಈಗ ಐದೂ ಕ್ಲಾಸು ಹೆಂಚಿನ ಕೋಣೆಯಲ್ಲೇ. ಅಲ್ಲೂ ಕೋತಿಗಳು ಹೆಂಚು ಸರಿಸಿಬಿಡುತ್ತವೆ, ಮಳೆ ಬಂದರೆ ಒಂದು ಮೂಲೆ ಪೂರ್ತಿ ನೆನೆಯುತ್ತದೆ. ಒಂದರಿಂದ ಮೂರರವರೆಗೆ ನಲಿ-ಕಲಿ ಅಲ್ವಾ, ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೇ ಕೂರಬೇಕು, ಕಾರ್ಡುಗಳನ್ನು ಹರಡಿಕೊಳ್ಳಬೇಕು. ನೆಲ ಒದ್ದೆ ಆದ ದಿನ ಕಾರ್ಡುಗಳನ್ನೆಲ್ಲ ಎತ್ತಿ ಬೀರುವಿನ ಮೇಲಿಟ್ಟು ಸುಮ್ನೆ ಕೂರಿಸಿರುತ್ತಾರೆ. ನನ್ನ ಮಗಳು ಎರಡನೇ ಕ್ಲಾಸು. ಮಳೆಗಾಲದಲ್ಲಿ ಅವಳು ಓದಿದ್ದು ಅಷ್ಟರಲ್ಲೇ ಇದೆ.

ಹೋಬಳಿ ಕೇಂದ್ರದ ದೊಡ್ಡ ಶಾಲೆಗೆ ಇತ್ತೀಚೆಗೆ ಮೂರು ಹೊಸ ಕೋಣೆ ಬಂತು. ಅದಾದ ಮೇಲೆ ಕಾಂಪೌಂಡ್, ಗೇಟು, ಕಮಾನು, ಬಣ್ಣ. ಅವರಿಗೆ ಬಂದಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ, ಅಲ್ಲಿಯ ಮಕ್ಕಳೂ ನಮ್ಮವರೇ. ಆದರೆ ಅದೇ ತಾಲ್ಲೂಕಿನಲ್ಲಿ ಒಂದು ಕಡೆ ಕಮಾನಿಗೆ ದುಡ್ಡಿದೆ, ಇನ್ನೊಂದು ಕಡೆ ತಲೆ ಮೇಲೆ ಬೀಳುವ ಸೂರಿಗೆ ಇಲ್ಲ ಅಂದರೆ ಇದು ಯಾವ ಲೆಕ್ಕ?

ನಾವು ಕೇಳಿದಾಗ ಸಿಕ್ಕಿದ್ದು ಎರಡು ಉತ್ತರ. ಮೊದಲನೆಯದು, ನಿಮ್ಮಲ್ಲಿ ಮಕ್ಕಳು ಕಮ್ಮಿ, ಮುಂದೆ ಶಾಲೆ ಇರುತ್ತೋ ಇಲ್ವೋ, ಈಗ ದುಡ್ಡು ಹಾಕಿ ಏನು ಮಾಡೋದು ಅಂತ. ಎರಡನೆಯದು, ಊರಿನವರು ಸ್ವಲ್ಪ ವಂತಿಗೆ ಎತ್ತಿ, ದಾನಿಗಳನ್ನು ಹಿಡಿಯಿರಿ, ಉಳಿದಿದ್ದು ನೋಡೋಣ ಅಂತ. ಊರಲ್ಲಿ ಕೈಲಾಗುವವರ ಮಕ್ಕಳೆಲ್ಲ ಬೆಳಿಗ್ಗೆ ವ್ಯಾನ್ ಹತ್ತಿ ಪ್ರೈವೇಟ್ ಶಾಲೆಗೆ ಹೋಗುತ್ತಾರೆ. ನಮ್ಮ ಶಾಲೆಯಲ್ಲಿ ಉಳಿದಿರುವುದು ಕೂಲಿ ಮಾಡುವವರ ಮಕ್ಕಳು. ವಂತಿಗೆ ಯಾರ ಹತ್ತಿರ ಎತ್ತಲಿ?

ಹಂಚಿಕೆಗೆ ಏನಾದರೂ ನಿಯಮ ಇದೆಯಾ? ಇದ್ದರೆ ನಾವು ಯಾರನ್ನು, ಏನಂತ ಕೇಳಬೇಕು?

ನಿವೃತ್ತ ಮೇಷ್ಟ್ರು, ಮಂಡ್ಯ

ತಂಗಿ, ಒಳ್ಳೆ ಪ್ರಶ್ನೆ ಕೇಳಿದ್ದೀಯ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡ.

ಮೊದಲು ತಿಳಿಯಬೇಕಾದ್ದು, ಶಾಲೆ ಕಟ್ಟಡಕ್ಕೆ ಅಂತ ಒಂದೇ ಹುಂಡಿ ಇಲ್ಲ. ಕೇಂದ್ರ, ರಾಜ್ಯ ಸೇರಿ ನಡೆಸುವ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಬರುವುದು ಒಂದು. ಇದು 2018ರಲ್ಲಿ ಶುರುವಾಯಿತು, ನಮ್ಮಂಥ ರಾಜ್ಯಕ್ಕೆ ಕೇಂದ್ರದ ಪಾಲು 60, ರಾಜ್ಯದ್ದು 40. ಆಮೇಲೆ ರಾಜ್ಯ ಸರ್ಕಾರದ ಬಜೆಟ್ಟಿನಲ್ಲಿ ಬರುವ ಕೊಠಡಿಗಳು. 2022ರಲ್ಲಿ ವಿವೇಕ ಅಂತ ಹೆಸರಿಟ್ಟು ಸಾವಿರಾರು ಕೊಠಡಿ ಕೊಟ್ಟರಲ್ಲ, ಆ ಥರ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ, ಅದರಲ್ಲಿ ರಸ್ತೆ, ಸಮುದಾಯ ಭವನ ಎಲ್ಲಾ ಕಳೆದು ಶಾಲೆಗೆ ಎಷ್ಟು ಉಳಿಯುತ್ತೋ ಅಷ್ಟು. ಜಿಲ್ಲಾ ಪಂಚಾಯಿತಿ ಬಾಬ್ತು ಬೇರೆ. ಗ್ರಾಮ ಪಂಚಾಯಿತಿಯಿಂದ ನರೇಗಾದಲ್ಲಿ ಎಷ್ಟೋ ಶಾಲೆಗಳಿಗೆ ಕಾಂಪೌಂಡು, ಶೌಚಾಲಯ ಆಗಿವೆ. ಮಳೆಯಿಂದ ಹಾನಿಯಾದರೆ ಪರಿಹಾರದ ದುಡ್ಡು ಇನ್ನೊಂದು. ಕೊನೆಗೆ ದಾನಿಗಳು, ಕಂಪನಿಗಳು ಸಮಾಜದ ಕೆಲಸಕ್ಕೆ ಇಡುವ ಸಿಎಸ್‌ಆರ್ ದುಡ್ಡು.

ಇಷ್ಟೊಂದು ದಾರಿ ಇರುವುದು ಒಳ್ಳೆಯದೇ ಅಂತ ಅನ್ನಿಸುತ್ತೆ. ಆದರೆ ಆಗುವುದೇನು ಅಂದರೆ ಪ್ರತಿ ದಾರಿಗೂ ಬೇರೆ ಅರ್ಜಿ, ಬೇರೆ ಆಫೀಸು, ಬೇರೆ ಮನುಷ್ಯ. ಓಡಾಡಲು ಜನ ಇರುವ ಶಾಲೆ ಎಲ್ಲಾ ಬಾಗಿಲನ್ನೂ ತಟ್ಟುತ್ತದೆ. ಇಬ್ಬರೇ ಟೀಚರ್ ಇರುವ ಕಡೆ ಒಬ್ಬರು ಆಫೀಸಿಗೆ ಹೋದರೆ ಐದು ಕ್ಲಾಸು ಒಬ್ಬರ ತಲೆ ಮೇಲೆ. ಹಾಗಾಗಿ ಅವರು ಹೋಗುವುದೇ ಇಲ್ಲ. ಕೇಳುವ ಶಕ್ತಿ ಇದ್ದವರಿಗೆ ದುಡ್ಡು ಹೋಗುತ್ತದೆ, ಸೂರು ಸೋರುವವರಿಗಲ್ಲ. ನನ್ನ ಸರ್ವಿಸ್ಸಿನಲ್ಲಿ ದೊಡ್ಡ ಶಾಲೆಯಲ್ಲೂ ಇದ್ದೆ, ಸಣ್ಣ ಶಾಲೆಯಲ್ಲೂ ಇದ್ದೆ, ಎರಡನ್ನೂ ನೋಡಿಯೇ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಸಮಗ್ರ ಶಿಕ್ಷಾದಲ್ಲಿ ವರ್ಷಕ್ಕೊಮ್ಮೆ ಶಾಲಾ ಅನುದಾನ ಬರುತ್ತದಲ್ಲ, ಅದು ಮಕ್ಕಳ ಲೆಕ್ಕದ ಮೇಲೆ. 30ರ ತನಕ ಇದ್ದರೆ 10,000 ರೂಪಾಯಿ. 31ರಿಂದ 100ಕ್ಕೆ 25,000. ಅದರ ಮೇಲೆ 250ರ ತನಕ 50,000, ಸಾವಿರದ ತನಕ 75,000, ಸಾವಿರ ದಾಟಿದರೆ ಒಂದು ಲಕ್ಷ. ಹಾಜರಿ ಪುಸ್ತಕ, ಸೀಮೆಸುಣ್ಣದಿಂದ ಹಿಡಿದು ಸಣ್ಣಪುಟ್ಟ ರಿಪೇರಿ ತನಕ ಎಲ್ಲಾ ಅದರಲ್ಲೇ, ಕನಿಷ್ಠ ಶೇ 10 ಸ್ವಚ್ಛತೆಗೆ ಇಡಬೇಕು. ನಿಮ್ಮ ಶಾಲೆಯಲ್ಲಿ ಹಿಂದೆ 31 ಮಕ್ಕಳಿದ್ದರೆ 25,000 ಬರುತ್ತಿತ್ತು, ಮೂವರು ಕಮ್ಮಿಯಾದರು ಅಂತ 10,000ಕ್ಕೆ ಇಳಿಯಿತು. ಸೂರಿನ ಅಳತೆ ಕಮ್ಮಿಯಾಯಿತಾ? ಹೆಂಚಿನ ಸಂಖ್ಯೆ ಇಳಿಯಿತಾ? ಮಳೆ ಏನಾದರೂ ಹಾಜರಿ ನೋಡಿಕೊಂಡು ಸುರಿಯುತ್ತದಾ?

ನಿಯಮ ಇದೆಯಾ ಅಂತ ಕೇಳಿದೆಯಲ್ಲ, ಇದೆ. ಅದನ್ನು ಬೇರೆ ಬರೆಯುತ್ತೇನೆ, ಮೊದಲು ಉಳಿದವರು ಹೇಳಲಿ.

ಕುಕ್ಕರಹಳ್ಳಿ ವಾಕರ್, ಮೈಸೂರು

ಮೇಡಂ, ನಿಮ್ಮ ಕಷ್ಟ ಅರ್ಥ ಆಗುತ್ತದೆ. ಆದರೂ ನಾನು ಇನ್ನೊಂದು ಮಗ್ಗುಲು ಹೇಳಲೇಬೇಕು. ದಯವಿಟ್ಟು ತಪ್ಪು ತಿಳಿಯಬೇಡಿ.

ನಮ್ಮ ಬಡಾವಣೆ ಪಕ್ಕದ ಸರ್ಕಾರಿ ಶಾಲೆಯಲ್ಲಿ 450 ಮಕ್ಕಳಿದ್ದಾರೆ. ಗಾರೆ ಕೆಲಸಕ್ಕೆ ಬಂದವರು, ಮನೆಗೆಲಸದವರು, ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಮೇಲೆ ದುಡಿಯುವವರು, ಅವರ ಮಕ್ಕಳು. ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳೂ ಇವೆ. ಹೆಣ್ಣುಮಕ್ಕಳು ಶೌಚಾಲಯಕ್ಕೆ ಸಾಲು ನಿಲ್ಲುತ್ತಾರೆ, ಬಿಡುವು ಮುಗಿದರೂ ಸಾಲು ಕರಗುವುದಿಲ್ಲ. ಕೆಲವು ದೊಡ್ಡ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ ಅಂತ ಅಲ್ಲಿನ ಟೀಚರ್ ಹೇಳಿದ್ದು ಕೇಳಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಲೆಕ್ಕ ಹಾಕಿ. ಮೇಷ್ಟ್ರು ಹೇಳಿದ ಅನುದಾನದಲ್ಲಿ ನಮ್ಮ ಶಾಲೆಗೆ 75,000. ಅಂದರೆ ಒಂದು ಮಗುವಿಗೆ ಸುಮಾರು 167 ರೂಪಾಯಿ. ನಿಮ್ಮ 28 ಮಕ್ಕಳಿಗೆ 10,000 ಅಂದರೆ ತಲಾ 357. ಮಗುವಿನ ಲೆಕ್ಕದಲ್ಲಿ ನೋಡಿದರೆ ನಿಮಗೇ ಜಾಸ್ತಿ ಬಂತು. ಒಂದು ಕೋಣೆ ಕಟ್ಟುವ ದುಡ್ಡಿನಲ್ಲಿ ನಮ್ಮಲ್ಲಿ 40 ಮಕ್ಕಳಿಗೆ ಜಾಗ ಆಗುತ್ತದೆ, ನಿಮ್ಮಲ್ಲಿ 14ಕ್ಕೆ. ಸರ್ಕಾರದ ಹತ್ತಿರ ಇರುವುದು ಇಷ್ಟೇ ದುಡ್ಡು ಅಂದಾಗ ಜಾಸ್ತಿ ಮಕ್ಕಳಿಗೆ ಉಪಯೋಗ ಆಗುವ ಕಡೆ ಹಾಕುವುದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಕರ್ನಾಟಕ ಪಬ್ಲಿಕ್ ಶಾಲೆ ಮಾಡುತ್ತಿರುವುದೂ ಅದೇ ಯೋಚನೆಯಿಂದ ಅಲ್ವಾ? ಒಂದು ಕಡೆ ಎಲ್‌ಕೆಜಿಯಿಂದ ಪಿಯುಸಿ ತನಕ, ಲ್ಯಾಬು, ಆಟದ ಮೈದಾನ, ವಿಷಯಕ್ಕೊಬ್ಬ ಟೀಚರ್. ಬಸ್ಸು ಕೊಟ್ಟು ಹಳ್ಳಿ ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋದರೆ ಅವರಿಗೂ ಒಳ್ಳೆಯದೇ.

ಅಂದಾಜು ಪಟ್ಟಿ (ಸಿವಿಲ್ ಇಂಜಿನಿಯರ್, ಮೈಸೂರು)

ಮೊದಲು ನ್ಯಾಯದ ಮಾತು ಬಿಟ್ಟು ಜೀವದ ಮಾತು. ರಾಗಿಹೊಲ ಅವರೇ, ಕಂಬಿ ಕಾಣುತ್ತಿದೆ ಅಂದರೆ ಆ ಕೋಣೆಗೆ ಬೀಗ ಹಾಕಿದ್ದು ಸರಿ, ಆದರೆ ಬೀಗ ಸಾಲದು. ಅದರ ಜಗಲಿಯಲ್ಲೂ ಮಕ್ಕಳು ಊಟಕ್ಕೆ ಕೂರದಂತೆ ನೋಡಿಕೊಳ್ಳಿ. ಸಜ್ಜಾ ಮೊದಲು ಬೀಳುತ್ತದೆ.

ಹೊಸದೇ ಯಾಕೆ ಹಾಳಾಯಿತು ಅಂತ ಆಶ್ಚರ್ಯಪಟ್ಟಿದ್ದೀರಿ. ನಾನು ನೋಡಿದ ಶಾಲೆಗಳಲ್ಲಿ ಮುಕ್ಕಾಲು ಪಾಲು ಕಥೆ ಇದೇ. ತಾರಸಿಯ ನೀರು ಹೋಗುವ ಪೈಪಿಗೆ ಹೊಂಗೆ ಎಲೆ, ಬೇವಿನ ಎಲೆ ಕಟ್ಟಿಕೊಳ್ಳುತ್ತದೆ. ಹತ್ತಲು ಮೆಟ್ಟಿಲಿಲ್ಲ, ಯಾರೂ ಹತ್ತುವುದಿಲ್ಲ. ನೀರು ನಿಲ್ಲುತ್ತದೆ, ಸೀಳಿನಲ್ಲಿ ಇಳಿಯುತ್ತದೆ, ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಂಬಿ ಊದಿಕೊಂಡು ಕೆಳಗಿನ ಕಾಂಕ್ರೀಟನ್ನು ಹೊರಕ್ಕೆ ತಳ್ಳುತ್ತದೆ. ಅದೇ ನಿಮಗೆ ತಟ್ಟೆ ತಟ್ಟೆಯಾಗಿ ಬೀಳುವುದು. ಕಂಬಿಗೆ ಸಾಕಷ್ಟು ಕವರ್ ಬಿಡದೆ ಕಾಂಕ್ರೀಟ್ ಹಾಕಿದ್ದರೆ ಇನ್ನೂ ಬೇಗ. ಹೆಂಚಿನ ಮನೆ ಹಾಗಲ್ಲ. ಹೆಂಚು ಒಡೆದರೆ ಹೆಂಚು, ಹೆಂಚಿನ ಕೆಳಗಿನ ಮರದ ಪಟ್ಟಿ (ರೀಪರ್) ಹೋದರೆ ರೀಪರ್, ಊರಿನ ಬಡಗಿಯೇ ಸರಿ ಮಾಡುತ್ತಾನೆ. ಹಾಗಾಗಿ ಹಳೇ ಹೆಂಚಿನ ಕೋಣೆಗಳನ್ನು ಹಳೆಯದು ಅನ್ನುವ ಒಂದೇ ಕಾರಣಕ್ಕೆ ಕೆಡವುವುದು ನನಗೆ ಇಷ್ಟವಿಲ್ಲ. ಇದು ನನ್ನ ಅಭಿಪ್ರಾಯ.

ಈಗ ವಾಕರ್ ಅವರಿಗೆ. ಸರ್, ನಿಮ್ಮ ಭಾಗಾಕಾರ ಸರಿ ಇದೆ. ಆದರೆ ರಿಪೇರಿ ಖರ್ಚು ತಲೆ ಲೆಕ್ಕದಲ್ಲಿ ಬರುವುದಿಲ್ಲ, ಚದರಡಿ ಲೆಕ್ಕದಲ್ಲಿ ಬರುತ್ತದೆ. 14 ಮಕ್ಕಳು ಕೂತರೂ 40 ಮಕ್ಕಳು ಕೂತರೂ ಆ ಸೂರಿಗೆ ಬೇಕಾದ ಸಿಮೆಂಟು ಅಷ್ಟೇ. ನಮ್ಮ ಊರಲ್ಲೇ ನೋಡಿದ್ದೇವಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ಕು ಜೀವ ಹೋಯಿತು. 2022ರ ಅಕ್ಟೋಬರ್ ಮಳೆಗೆ ಮಹಾರಾಣಿ ವಿಜ್ಞಾನ ಕಾಲೇಜಿನ ಒಂದು ಭಾಗ ಬಿತ್ತು. ಕಟ್ಟಡ ಬೀಳುವಾಗ ಒಳಗೆ ಎಷ್ಟು ಜನ ಇದ್ದಾರೆ ಅಂತ ನೋಡುವುದಿಲ್ಲ.

ನನ್ನ ಪ್ರಕಾರ ಒಂದು ತಾಲ್ಲೂಕಿನ ಎಲ್ಲಾ ಶಾಲೆಯನ್ನೂ ಒಂದೇ ಪಟ್ಟಿಯಲ್ಲಿ ಇಡಬೇಕು. ಜೀವಕ್ಕೆ ಅಪಾಯ ಇರುವ ಕೋಣೆ ಎಲ್ಲಿದ್ದರೂ ಮೊದಲು, ಅಲ್ಲಿ ಎಂಟು ಮಕ್ಕಳಿರಲಿ ಎಂಟು ನೂರಿರಲಿ. ಆಮೇಲೆ ಸೋರುವುದು, ಶೌಚಾಲಯ, ನೀರು. ಅದಾದ ಮೇಲೆ ಜಾಗ ಸಾಲದ ಕಡೆ ಹೊಸ ಕೋಣೆ. ಇಲ್ಲಿ ಮಕ್ಕಳ ಸಂಖ್ಯೆ ನೋಡಿ, ನನ್ನ ಒಪ್ಪಿಗೆ ಇದೆ. ಕಮಾನು, ಗೇಟು, ಬಣ್ಣ ಎಲ್ಲಾ ಮುಗಿದ ಮೇಲೆ. ಈಗ ಆಗುತ್ತಿರುವುದು ತಿರುಗಾಮುರುಗಾ. ಬಣ್ಣ ಕಣ್ಣಿಗೆ ಕಾಣುತ್ತದೆ, ಉದ್ಘಾಟನೆಗೆ ಚೆನ್ನಾಗಿರುತ್ತದೆ. ತಾರಸಿಗೆ ವಾಟರ್ ಪ್ರೂಫಿಂಗ್ ಮಾಡಿದರೆ ಕಲ್ಲು ನೆಟ್ಟು ಹೆಸರು ಬರೆಸುವುದು ಎಲ್ಲಿ?

ಒಂದು ಎಚ್ಚರಿಕೆ. ಕೋಣೆ ಶಿಥಿಲ ಅಂತ ಇಂಜಿನಿಯರ್ ಬರೆದುಕೊಟ್ಟರೆ ಕೆಡವಲು ಅನುಮತಿ ಸಿಗುತ್ತದೆ. ಹೊಸ ಕೋಣೆ ಮಂಜೂರಾಗುವುದು ಬೇರೆ ಕಡತ. ಕೆಡವಿ ವರ್ಷಗಟ್ಟಲೆ ಖಾಲಿ ಜಾಗ ನೋಡಿಕೊಂಡು ಕೂತ ಶಾಲೆಗಳಿವೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳಿ.

ಮದ್ದೂರು ಹುಡುಗ, ಈಗ ಕ್ಯಾಲಿಫೋರ್ನಿಯಾ

ವಂತಿಗೆ ಎತ್ತಿ ಅಂದರು ಅನ್ನುವ ಮಾತು ಓದಿ ಬರೆಯಬೇಕು ಅನ್ನಿಸಿತು. ಇಲ್ಲೂ ಅದೇ ಜಗಳ ಇದೆ, ದೊಡ್ಡ ಮಟ್ಟದಲ್ಲಿ.

ಅಮೆರಿಕದಲ್ಲಿ ಶಾಲೆ ಕಟ್ಟಡಕ್ಕೆ ಬಹುಪಾಲು ದುಡ್ಡು ಸ್ಥಳೀಯವಾಗಿ ಎತ್ತುತ್ತಾರೆ. ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗೆ ಅಲ್ಲಿ ಶಾಲಾ ಜಿಲ್ಲೆ ಅನ್ನುತ್ತಾರೆ. ಅದು ಬಾಂಡ್ ಮಾರಿ ಸಾಲ ತರುತ್ತದೆ, ಅದಕ್ಕೆ ಆ ಜಾಗದ ಜನ ವೋಟು ಹಾಕಿ ಒಪ್ಪಬೇಕು, ಆಮೇಲೆ ಅವರ ಆಸ್ತಿ ತೆರಿಗೆಯಿಂದಲೇ ತೀರಿಸಬೇಕು. ಮನೆಗಳ ಬೆಲೆ ಜಾಸ್ತಿ ಇರುವ ಕಡೆ ಸ್ವಲ್ಪ ತೆರಿಗೆ ಹಾಕಿದರೂ ರಾಶಿ ದುಡ್ಡು. ಬಡವರ ಕಡೆ ಜಾಸ್ತಿ ತೆರಿಗೆ ಹಾಕಿದರೂ ಸಾಲದು. ಆಸ್ತಿ ತೆರಿಗೆ ನಂಬಿಕೊಂಡ ಈ ಪದ್ಧತಿ ಅನ್ಯಾಯ ಅಂತ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದ ಬಡ ಪೋಷಕರು ಕೋರ್ಟಿಗೆ ಹೋದರು. 1973ರಲ್ಲಿ ಸುಪ್ರೀಂ ಕೋರ್ಟು ಐದು ನಾಲ್ಕರ ಬಹುಮತದಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟಿತು. ಆದರೆ ನ್ಯೂಜೆರ್ಸಿ ರಾಜ್ಯದ ಕೋರ್ಟು 1998ರಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿನ ಬಡ ನಗರ ಜಿಲ್ಲೆಗಳ ಶಾಲೆ ಕಟ್ಟಡಗಳ ಖರ್ಚನ್ನು ಪೂರ್ತಿ ರಾಜ್ಯವೇ ಕೊಡಬೇಕು ಅಂತ ಹೇಳಿತು.

ಕ್ಯಾಲಿಫೋರ್ನಿಯಾದಲ್ಲಿ ಹಳೇ ಶಾಲೆ ದುರಸ್ತಿಗೆ ರಾಜ್ಯ ಶೇ 60 ಕೊಡುತ್ತದೆ, ಉಳಿದ 40 ಜಿಲ್ಲೆ ತರಬೇಕು ಅನ್ನುವುದು ಬಹಳ ಕಾಲದ ಪದ್ಧತಿ. ಕೇಳಲು ಚೆನ್ನಾಗಿದೆ. ಆದರೆ 40 ಮೊದಲು ತಂದವರಿಗೆ 60 ಮೊದಲು ಸಿಗುತ್ತದೆ. ಹಾಗಾಗಿ ರಾಜ್ಯದ ದುಡ್ಡೂ ಇದ್ದವರ ಕಡೆಗೇ ಹರಿಯಿತು ಅಂತ ತುಂಬಾ ಟೀಕೆ ಬಂತು. ತೀರಾ ಬಡ ಜಿಲ್ಲೆಗೆ ಪಾಲು ಮನ್ನಾ ಮಾಡುವ ಅವಕಾಶ ಇದೆ. 2024ರ ನವೆಂಬರ್‌ನಲ್ಲಿ ಜನ 10 ಬಿಲಿಯನ್ ಡಾಲರ್ ಬಾಂಡಿಗೆ ಒಪ್ಪಿದಾಗ ಬಡ ಜಿಲ್ಲೆಗಳಿಗೆ ರಾಜ್ಯದ ಪಾಲು ಸ್ವಲ್ಪ ಏರಿಸಿದರು, ಹೆಚ್ಚೆಂದರೆ 65ರ ತನಕ. ಅದೂ ಸಾಲದು ಅಂತ ಇನ್ನೂ ಹೊಡೆದಾಟ ನಡೆಯುತ್ತಿದೆ.

ನಾನು ಹೇಳಬೇಕಾದ್ದು ಇಷ್ಟೇ ಅಕ್ಕಾ. ನೀವು ಸ್ವಲ್ಪ ಹಾಕಿ ನಾವು ಉಳಿದಿದ್ದು ಹಾಕುತ್ತೇವೆ ಅನ್ನುವುದು ಎಲ್ಲಿದ್ದರೂ ಬಡವರನ್ನು ಸಾಲಿನ ಕೊನೆಗೆ ಕಳಿಸುತ್ತದೆ. ನಮ್ಮಲ್ಲಿ ಆಸ್ತಿ ತೆರಿಗೆ ಮೇಲೆ ಶಾಲೆ ನಡೆಸುವುದಿಲ್ಲ, ಅದು ನಮ್ಮ ಪುಣ್ಯ. ವಂತಿಗೆ ಹೆಸರಲ್ಲಿ ಅದೇ ರೋಗ ಒಳಗೆ ಬರಬಾರದು.

ನಿವೃತ್ತ ಮೇಷ್ಟ್ರು, ಮಂಡ್ಯ

ಮದ್ದೂರಿನ ತಮ್ಮ ಸರಿಯಾಗಿ ಹೇಳಿದ. 2022ರ ಅಕ್ಟೋಬರ್‌ನಲ್ಲಿ ಸರ್ಕಾರಿ ಶಾಲೆ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಒಂದು ಸುತ್ತೋಲೆ ಬಂದಿತ್ತು. ಜನ ಗಲಾಟೆ ಮಾಡಿದ ಮೇಲೆ ಕೆಲವೇ ದಿನದಲ್ಲಿ ವಾಪಸ್ ತೆಗೆದುಕೊಂಡರು. ಕೊಡುವ ಮನಸ್ಸಿದ್ದವರು ಕೊಡಲಿ, ಹಳೇ ವಿದ್ಯಾರ್ಥಿಗಳು ಸೇರಿ ಎಷ್ಟೋ ಶಾಲೆ ಉಳಿಸಿದ್ದಾರೆ, ಅವರಿಗೆ ಕೈ ಮುಗಿಯುತ್ತೇನೆ. ಆದರೆ ವಂತಿಗೆ ಕೊಟ್ಟರೆ ಮಾತ್ರ ರಿಪೇರಿ ಅನ್ನುವುದು ಸಲ್ಲದು.

ಸಿಎಸ್‌ಆರ್ ವಿಷಯವೂ ಹಾಗೇ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2 ಇದಕ್ಕೆ ಇಡಬೇಕು. ತಾವು ಕೆಲಸ ಮಾಡುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಅಂತ ಅದೇ ಕಾಯ್ದೆಯಲ್ಲಿದೆ. ಅಂದಮೇಲೆ ಮೈಸೂರು ಕಡೆಯ ಹೆಬ್ಬಾಳ, ಹೂಟಗಳ್ಳಿ, ನಂಜನಗೂಡಿನ ಕಾರ್ಖಾನೆ ಪಕ್ಕದ ಶಾಲೆಗೆ ಸಿಕ್ಕೀತು. ರಾಗಿ, ಹುರುಳಿ ಬೆಳೆಯುವ ಊರಿಗೆ ಯಾವ ಕಂಪನಿ ಬರುತ್ತದೆ? ಕಂಪನಿಯವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಕಾರ್ಖಾನೆ ಪಕ್ಕದ ಶಾಲೆಗೆ ಅಲ್ಲಿಂದ ಬಂದಿದೆ ಅಂತಾದರೆ ಸರ್ಕಾರದ ದುಡ್ಡು ಆ ವರ್ಷ ಬೇರೆ ಕಡೆ ಹೋಗಬೇಕು. ಎಲ್ಲಿಂದ ಯಾರಿಗೆ ಎಷ್ಟು ಬಂತು ಅನ್ನುವುದು ಒಂದೇ ಕಡೆ ಬರೆದಿಟ್ಟರೆ ತಾನೇ ಇದು ಗೊತ್ತಾಗುವುದು?

ಈಗ ನಿಯಮ. ಇದನ್ನು ಬರೆದಿಟ್ಟುಕೊ ತಂಗಿ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ಕ್ಕೆ. ಅದರ ಅನುಸೂಚಿಯಲ್ಲಿ ಸ್ಪಷ್ಟವಾಗಿದೆ: 60 ಮಕ್ಕಳ ತನಕ ಇಬ್ಬರು ಟೀಚರ್, ಪ್ರತಿ ಟೀಚರಿಗೆ ಕನಿಷ್ಠ ಒಂದು ತರಗತಿ ಕೋಣೆ, ಅದರ ಜೊತೆ ಆಫೀಸು-ಸ್ಟೋರು-ಮುಖ್ಯ ಶಿಕ್ಷಕರ ಕೋಣೆ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆ ಕೋಣೆ, ಮೈದಾನ, ಕಾಂಪೌಂಡು ಅಥವಾ ಬೇಲಿ. ಕಟ್ಟಡ ಎಲ್ಲಾ ಹವಾಮಾನ ತಡೆಯುವಂತಿರಬೇಕು ಅಂತ ಇದೆ. 28 ಮಕ್ಕಳಿದ್ದಾರೆ ಅಂತ ಇದರಲ್ಲಿ ರಿಯಾಯಿತಿ ಇಲ್ಲ. ನಿಮ್ಮ ಎರಡನೇ ಕೋಣೆ ಯಾರೋ ದಯೆ ತೋರಿಸಿ ಕೊಡುವುದಲ್ಲ. ಕಾಯ್ದೆಯಲ್ಲಿರುವ ಕನಿಷ್ಠ ಅದು.

ಅದೇ ಕಾಯ್ದೆಯ 22ನೇ ಸೆಕ್ಷನ್ ಓದಿ. ಶಾಲಾ ಸಮಿತಿ ಶಾಲಾ ಅಭಿವೃದ್ಧಿ ಯೋಜನೆ ಮಾಡಬೇಕು, ಸರ್ಕಾರ ಕೊಡುವ ಅನುದಾನಕ್ಕೆ ಅದೇ ಆಧಾರ ಆಗಬೇಕು ಅಂತ ಅಲ್ಲಿದೆ. ಕರ್ನಾಟಕದಲ್ಲಿ ಎಸ್‌ಡಿಎಂಸಿ 2001ರಿಂದಲೇ ಇವೆ, ಕಾಯ್ದೆಗಿಂತ ಮುಂಚೆ. ಆದರೂ ಈ ಯೋಜನೆಯನ್ನು ಎಷ್ಟೋ ಕಡೆ ಕಾಟಾಚಾರಕ್ಕೆ ಬರೆದು ಫೈಲಿಗೆ ಸೇರಿಸುತ್ತಾರೆ, ಸದಸ್ಯರು ಓದದೇ ಸಹಿ ಹಾಕುತ್ತಾರೆ.

ಇನ್ನು ಯು-ಡೈಸ್. ಪ್ರತಿ ವರ್ಷ ಶಾಲೆಯ ವಿವರ ತುಂಬುತ್ತಾರಲ್ಲ, ಅದರಲ್ಲಿ ಎಷ್ಟು ಕೋಣೆ ಚೆನ್ನಾಗಿವೆ, ಎಷ್ಟಕ್ಕೆ ಸಣ್ಣ ರಿಪೇರಿ, ಎಷ್ಟಕ್ಕೆ ದೊಡ್ಡ ರಿಪೇರಿ ಬೇಕು ಅಂತ ಬೇರೆ ಬೇರೆ ಕಲಂ ಇದೆ. ಮೇಲಿನವರು ಯೋಜನೆ ಹಾಕುವುದು ಆ ಅಂಕಿ ನೋಡಿ. ಹಿಂದಿನ ವರ್ಷದ್ದನ್ನೇ ನಕಲು ಮಾಡಿ ಎರಡು ಕೋಣೆ ಚೆನ್ನಾಗಿವೆ ಅಂತ ತುಂಬಿದ್ದರೆ ದೆಹಲಿಯವರಿಗೂ ಬೆಂಗಳೂರಿನವರಿಗೂ ನಿಮ್ಮ ಸೂರು ಗಟ್ಟಿಯಾಗೇ ಇದೆ. ಮೇಡಂ ಹತ್ತಿರ ಜಗಳ ಬೇಡ, ಜೊತೆಗೆ ಕೂತು ನೋಡಿ.

ರಾಗಿಹೊಲ

ಮೇಷ್ಟ್ರೇ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ತುಂಬಾ ಥ್ಯಾಂಕ್ಸ್. ಇಂಜಿನಿಯರ್ ಸರ್, ಜಗಲಿಯಲ್ಲೇ ಬಿಸಿಯೂಟ ಬಡಿಸುತ್ತಿದ್ದರು. ಈಗಷ್ಟೇ ಮೇಡಂಗೆ ಫೋನ್ ಮಾಡಿ ಹೇಳಿದೆ. ನಾಳೆಯಿಂದ ಪಕ್ಕದ ದೇವಸ್ಥಾನದ ಪಡಸಾಲೆಯಲ್ಲಿ ಕೂರಿಸುತ್ತೇವೆ ಅಂದರು.

ವಾಕರ್ ಸರ್‌ಗೆ ಒಂದು ಮಾತು. ನಿಮ್ಮ ಶಾಲೆಯ ಹೆಣ್ಣುಮಕ್ಕಳ ವಿಷಯ ಓದಿ ನನಗೂ ಸಂಕಟ ಆಯಿತು. ಅವರಿಗೆ ಶೌಚಾಲಯ ಬೇಡ, ನಮಗೆ ಕೋಣೆ ಕೊಡಿ ಅಂತ ನಾನು ಎಂದೂ ಹೇಳುವುದಿಲ್ಲ. ಆದರೆ ಬಸ್ಸು ಕೊಟ್ಟು ಕರೆದುಕೊಂಡು ಹೋದರೆ ಅಂದಿರಲ್ಲ, ಆ ಬಸ್ಸು ಎಲ್ಲಿದೆ ಸರ್? ನಮ್ಮ ಊರಿಗೆ ಇರುವ ಬಸ್ಸೇ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಆರು ವರ್ಷದ ಮಗು ಕೆರೆ ಏರಿ ಮೇಲೆ ನಡೆದು ಹೋಗಬೇಕು. ಬೆಳಿಗ್ಗೆ ಕಳೆ ಕೀಳಲು ಹೋಗುವ ತಾಯಿ ದಿನಾ ಬಿಟ್ಟು ಬರಲು ಆಗುತ್ತದಾ? ಶಾಲೆ ಮುಚ್ಚಿದರೆ ಗಂಡು ಮಕ್ಕಳನ್ನು ಹೇಗೋ ಕಳಿಸುತ್ತಾರೆ. ಹೆಣ್ಣು ಮಕ್ಕಳು ಪುಟ್ಟ ತಮ್ಮನನ್ನು ನೋಡಿಕೊಂಡು ಮನೆಯಲ್ಲಿ ಉಳಿಯುತ್ತಾರೆ. ಇದು ಊಹೆಯಲ್ಲ, ಪಕ್ಕದ ಊರಲ್ಲಿ ಆಗಿದೆ.

ಇನ್ನೊಂದು. ಮಕ್ಕಳು ಕಮ್ಮಿ ಅಂತ ರಿಪೇರಿ ಮಾಡುವುದಿಲ್ಲ. ರಿಪೇರಿ ಆಗದೆ ಸೋರುವ ಶಾಲೆಗೆ ಯಾರು ಮಕ್ಕಳನ್ನು ಸೇರಿಸುತ್ತಾರೆ? ಕಳೆದ ಸಲ ಇಬ್ಬರು ತಾಯಂದಿರು ನನ್ನ ಹತ್ತಿರ ಹೇಳಿಯೇ ಟಿಸಿ ತೆಗೆದುಕೊಂಡು ಹೋದರು, ಸೂರು ಬೀಳುತ್ತೆ ಅನ್ನುವ ಭಯಕ್ಕೆ. ಸಾಲ ಮಾಡಿ ಪ್ರೈವೇಟಿಗೆ ಹಾಕಿದ್ದಾರೆ. ಆಮೇಲೆ ನಮ್ಮನ್ನೇ ನೋಡಿ ನಿಮ್ಮಲ್ಲಿ ಮಕ್ಕಳೇ ಇಲ್ಲ ಅನ್ನುತ್ತಾರೆ. ಶಾಲೆ ಉಳಿಸಬೇಕೋ ಮುಚ್ಚಬೇಕೋ ಅನ್ನುವುದನ್ನು ಊರಿನವರ ಜೊತೆ ಕೂತು ಮಾತಾಡಿ ತೀರ್ಮಾನ ಮಾಡಿ. ಸೋರಲು ಬಿಟ್ಟು ತಾನಾಗೇ ಮುಚ್ಚಿಹೋಗಲಿ ಅಂತ ಕಾಯುವುದು ದೊಡ್ಡ ಅನ್ಯಾಯ.

ಕುಕ್ಕರಹಳ್ಳಿ ವಾಕರ್, ಮೈಸೂರು

ಮೇಡಂ, ಬಸ್ಸಿನ ಮಾತು ಒಪ್ಪುತ್ತೇನೆ. ಬಸ್ಸು ಬರುವ ತನಕ ಶಾಲೆ ಇರಲೇಬೇಕು. ಅಪಾಯದ ಕೋಣೆ ಮೊದಲು ಅನ್ನುವ ಇಂಜಿನಿಯರ್ ಅವರ ಕ್ರಮವೂ ನನಗೆ ಸರಿ ಕಾಣುತ್ತದೆ. ಆದರೆ ಅವರ ಪಟ್ಟಿಯಲ್ಲಿ 450 ಮಕ್ಕಳ ಶೌಚಾಲಯವನ್ನು ಸೋರುವುದರ ಜೊತೆ ಎರಡನೇ ಸಾಲಿನಲ್ಲಿ ಇಟ್ಟಿದ್ದು ನನಗೆ ಒಪ್ಪಿಗೆಯಿಲ್ಲ. ದಿನವಿಡೀ ಮೂತ್ರ ತಡೆದುಕೊಂಡು ಕೂರುವುದೂ ಆರೋಗ್ಯಕ್ಕೆ ಅಪಾಯವೇ. ಸೂರು ಬೀಳುವುದು ಪೇಪರಿನಲ್ಲಿ ಬರುತ್ತದೆ, ಇದು ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ನಾನು ಇನ್ನೊಂದು ಕೇಳುತ್ತೇನೆ. ಈ ಪಟ್ಟಿ ಮಾಡುವುದು ಯಾರು? ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮುಂಚೆ ನಮ್ಮ ಕ್ಷೇತ್ರದ ಶಾಲೆ ಅಂತ ಸಭೆಯಲ್ಲಿ ಎದ್ದು ನಿಂತು ಕೇಳುವ ಒಬ್ಬ ಸದಸ್ಯನಾದರೂ ಇದ್ದ. ಅವನು ಇಲ್ಲದೇ ಹೋದಾಗ ಶಾಸಕರ ಸುತ್ತ ಇರುವವರ ಊರಿಗೇ ಮೊದಲು ಬಂತು ಅಂದರೆ ಆಶ್ಚರ್ಯ ಏನಿದೆ.

ಅಂದಾಜು ಪಟ್ಟಿ

ಶೌಚಾಲಯದ ಮಾತು ನ್ಯಾಯವಾಗಿದೆ ಸರ್. ಮೊದಲ ಸಾಲಿಗೇ ಸೇರಿಸೋಣ, ನನ್ನ ತಕರಾರಿಲ್ಲ. ಮತ್ತೆ ಅದಕ್ಕೆ ದುಡ್ಡಿನ ದಾರಿಯೂ ಬೇರೆ ಇದೆ. 15ನೇ ಹಣಕಾಸು ಆಯೋಗ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿತ್ತು. ಹಳ್ಳಿ ಶಾಲೆಗಳಲ್ಲಿ ಶೌಚಾಲಯ ಅಲ್ಲಿಂದಲೂ ಆಗಿವೆ. ನಿಮ್ಮದು ನಗರ, ನೀವು ಪಾಲಿಕೆಯನ್ನು ಕೇಳಬೇಕು.

ಪಟ್ಟಿ ಯಾರು ಮಾಡುತ್ತಾರೆ ಅನ್ನುವುದಕ್ಕಿಂತ ಅದು ಎಲ್ಲರಿಗೂ ಕಾಣುತ್ತದಾ ಅನ್ನುವುದು ನನಗೆ ಮುಖ್ಯ. ತಾಲ್ಲೂಕಿನ ಪಟ್ಟಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಗೋಡೆಗೆ ಅಂಟಿಸಿದರೆ ಹದಿನೇಳನೇ ಶಾಲೆಯನ್ನು ಹಾರಿಸಿ ನಲವತ್ತನೇ ಶಾಲೆಗೆ ಕೊಡಲು ಯಾರಿಗಾದರೂ ಕೈ ನಡುಗುತ್ತದೆ.

ನಿವೃತ್ತ ಮೇಷ್ಟ್ರು, ಮಂಡ್ಯ

ಆ ಪಟ್ಟಿ ಕೇಳಿ ಪಡೆಯಬಹುದು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಹಾಗಾಗಿ ಕಥೆ ಬರೆಯಬೇಡ ತಂಗಿ. ತಾಲ್ಲೂಕಿನಲ್ಲಿ ಶಿಥಿಲ ಅಂತ ಗುರುತಿಸಿದ ಕೊಠಡಿಗಳ ಪಟ್ಟಿ, ಕಳೆದ ಮೂರು ವರ್ಷದಲ್ಲಿ ಯಾವ ಶಾಲೆಗೆ ಯಾವ ಯೋಜನೆಯಲ್ಲಿ ಎಷ್ಟು ಕೊಟ್ಟರು ಅನ್ನುವ ವಿವರ, ಇವೆರಡನ್ನು ಬೇರೆ ಬೇರೆ ಅರ್ಜಿಯಲ್ಲಿ ಕೇಳು ಸಾಕು.

ಅದಕ್ಕೂ ಮುಂಚೆ ಎಸ್‌ಡಿಎಂಸಿ ಸಭೆ ಕರೆಯಿರಿ. ಕೋಣೆಯ ಸ್ಥಿತಿ ಬಗ್ಗೆ ಠರಾವು ಬರೆಯಿರಿ, ಎಲ್ಲಾ ತಾಯಂದಿರೂ ಓದಿಸಿ ಕೇಳಿ ಸಹಿ ಹಾಕಲಿ. ಮುಖ್ಯ ಶಿಕ್ಷಕಿಯ ಪತ್ರದ ಜೊತೆ ಅದರ ನಕಲು, ತಾರೀಖು ಬರುವ ಹಾಗೆ ತೆಗೆದ ಫೋಟೋ ಸೇರಿಸಿ ಬಿಇಒ ಆಫೀಸಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದಿಂದ ಪರಿಶೀಲನೆ ಮಾಡಿಸಿ ಅಂತ ಅದರಲ್ಲೇ ಕೇಳಿ. ಕೆಡವುವ ಅನುಮತಿ, ಹೊಸ ಕೋಣೆ, ಎರಡೂ ಒಂದೇ ಪತ್ರದಲ್ಲಿ ಇರಲಿ, ಇಂಜಿನಿಯರ್ ಹೇಳಿದಂತೆ. ಪಂಚಾಯಿತಿಯ ಮಕ್ಕಳ ಗ್ರಾಮಸಭೆ ನಡೆದಾಗ ಮಕ್ಕಳೇ ಈ ವಿಷಯ ಎತ್ತಲಿ, ನಡಾವಳಿಯಲ್ಲಿ ದಾಖಲಾಗಲಿ. ವಂತಿಗೆ ಕೇಳಿದರೆ ಯಾವ ಆದೇಶದ ಪ್ರಕಾರ ಅಂತ ಬರಹದಲ್ಲಿ ಕೊಡಿ ಅನ್ನಿ.

ಠರಾವಿನ ಕರಡು ಬರೆದು ಇಲ್ಲೇ ಹಾಕು, ನಾನು ನೋಡಿ ತಿದ್ದಿಕೊಡುತ್ತೇನೆ.

ರಾಗಿಹೊಲ

ಶನಿವಾರ ಸಭೆ ಕರೆಯುತ್ತೇವೆ ಮೇಷ್ಟ್ರೇ. ಭಾನುವಾರ ಕರಡು ಹಾಕುತ್ತೇನೆ. ಹೋಬಳಿ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರನ್ನೂ ಮಾತಾಡಿಸಿದೆ, ತಾಲ್ಲೂಕಿನ ಪಟ್ಟಿ ಗೋಡೆಗೆ ಹಾಕಿ ಅನ್ನುವ ಅರ್ಜಿಗೆ ನಾನೂ ಸಹಿ ಹಾಕುತ್ತೇನೆ ಅಂದಿದ್ದಾರೆ.